ಗಾಡಿಗೆ ಕೂಡಿಸಿದ್ದನ್ನು ವಿಮೆಯವರಿಗೆ ತಿಳಿಸಿರಿ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹೊಟ್ಟೆಪಾಡಿಗಾಗಿ ವಿಜಯಪುರ, ಕಲಬುರಗಿ, ಬೆಳಗಾವಿಯ ಕಡೆಯಿಂದ ಪುಣೆಗೆ ಬಂದವರು ನಾವು. ಭೋಸರಿ, ಚಾಕಣ, ಹಡಪಸರಗಳಲ್ಲಿ ದುಡಿದು ಉಳಿಸಿದ ಹಣದಲ್ಲಿ ಕೆಲವರು ಹಳೆಯ ಕಾರೊಂದನ್ನು ಕೊಳ್ಳುತ್ತಾರೆ. ಪೆಟ್ರೋಲಿನ ಖರ್ಚು ತಾಳಲಾರದೆ ಗ್ಯಾರೇಜಿನಲ್ಲಿ ಸಿಎನ್‌ಜಿ ಕಿಟ್ ಕೂಡಿಸುತ್ತಾರೆ. ಜಾತ್ರೆಗೆ ಸೊಲ್ಲಾಪುರದ ಮೇಲೆ ಹಾಯ್ದು ಊರಿಗೆ ಹೋಗಿಬರುವುದು ಅಗ್ಗವಾಗುತ್ತದೆ. ಇದರಲ್ಲಿ ತಪ್ಪಿಲ್ಲ. ಆದರೆ ಈ ಸಂಗತಿಯನ್ನು ವಿಮಾ ಕಂಪನಿಗೆ ತಿಳಿಸಿದವರು ಎಷ್ಟು ಮಂದಿ? ಇಂದು ನಾನು ಹೇಳಬೇಕೆಂದಿರುವುದು ಇದೊಂದೇ ಮಾತು.

ವಿಮೆ ಎಂಬುದು ನಂಬಿಕೆಯ ಕರಾರು. ನಾವು ಬರೆದುಕೊಟ್ಟದ್ದನ್ನು ನಂಬಿ ಕಂಪನಿಯವರು ಹಪ್ತೆಯನ್ನು ಗೊತ್ತುಮಾಡುತ್ತಾರೆ. ಪೆಟ್ರೋಲ್ ಗಾಡಿಯೆಂದು ಬರೆದುಕೊಟ್ಟು, ಡಿಕ್ಕಿಯಲ್ಲಿ ಅನಿಲದ ಸಿಲಿಂಡರ್ ಇಟ್ಟುಕೊಂಡರೆ, ವಿಮೆ ಇಳಿಸಿದ ಗಾಡಿಯೇ ಬೇರೆ, ರಸ್ತೆಯಲ್ಲಿ ಓಡುವ ಗಾಡಿಯೇ ಬೇರೆ ಎಂದಾಯಿತು.

ಅಂಥ ಗಾಡಿಗೆ ಬೆಂಕಿ ತಗಲಿತೆಂದು ಇಟ್ಟುಕೊಳ್ಳೋಣ. ಸರ್ವೇಯರ್ ಬಂದು ಮೊದಲು ನೋಡುವುದು ಸಿಲಿಂಡರನ್ನು. ಆಮೇಲೆ ಆರ್‌ಸಿಯನ್ನು, ಪಾಲಿಸಿಯನ್ನು. ಎರಡರಲ್ಲಿಯೂ ಅದರ ಹೆಸರಿಲ್ಲದಿದ್ದರೆ ಪರಿಹಾರವನ್ನು ನಿರಾಕರಿಸಲು ಕಾರಣ ಸಿಕ್ಕಂತೆಯೇ. ಕಾಯಿದೆ ಕಡ್ಡಾಯ ಮಾಡಿರುವುದು ಮೂರನೆಯವರ ವಿಮೆಯನ್ನು. ಅದು ನಮ್ಮ ಗಾಡಿಯಿಂದ ಪೆಟ್ಟಾದವರ ಸಲುವಾಗಿ ಇದೆ. ಮುಚ್ಚಿಟ್ಟ ಬದಲಾವಣೆ ಹೆಚ್ಚಾಗಿ ಕಾಡುವುದು ನಮ್ಮ ಸ್ವಂತ ಗಾಡಿಯ ನಷ್ಟ ಕೇಳಲು ಹೋದಾಗ. ಗಾಡಿ ಹೋಯಿತು, ಸಾಲದ ಕಂತು ಮಾತ್ರ ಉಳಿಯಿತು!

“ಅಣ್ಣಾರ, ಹೇಳಿದರೆ ಹಪ್ತೆ ಏರುತ್ತದಲ್ಲ?” ಎಂದು ಕೇಳುವವರುಂಟು. ಏರುತ್ತದೆ, ನಿಜ. ಎಷ್ಟು ಏರುತ್ತದೆ? 2002ರ ಮೋಟಾರು ದರಪಟ್ಟಿಯಲ್ಲಿ ಕಿಟ್ಟಿನ ಬೆಲೆಯ ಮೇಲೆ ನೂರಕ್ಕೆ 4 ರೂಪಾಯಿ ಹೆಚ್ಚುವರಿ ಹಪ್ತೆ ಇತ್ತು. ಆಮೇಲೆ ಸ್ವಂತ ನಷ್ಟದ ದರವನ್ನು ಕಂಪನಿಗಳಿಗೇ ಬಿಟ್ಟರು; ಆದರೂ ಅಂದಾಜಿಗೆ ಅದನ್ನೇ ಹಿಡಿಯೋಣ. ಕಿಟ್ಟಿಗೆ 50,000 ರೂಪಾಯಿ ಆಗಿದ್ದರೆ ವರ್ಷಕ್ಕೆ 2,000 ರೂಪಾಯಿ, ತೆರಿಗೆ ಬೇರೆ. ಇಷ್ಟನ್ನು ಉಳಿಸಲು ಹೋಗಿ ಇಡೀ ಗಾಡಿಯನ್ನು ಪಣಕ್ಕೆ ಒಡ್ಡುವುದು ಜಾಣತನವೇ?

ಮಾಡಬೇಕಾದ ಕ್ರಮ ಹೀಗಿದೆ. ಮೊದಲನೆಯದಾಗಿ, ಒಪ್ಪಿಗೆ ಪಡೆದ ಕಿಟ್ಟನ್ನು ಅಧಿಕೃತ ಜೋಡಣೆಗಾರರಿಂದಲೇ ಕೂಡಿಸಿ, ಬಿಲ್ಲು ಮತ್ತು ಪ್ರಮಾಣಪತ್ರ ಪಡೆಯಿರಿ. ಎರಡನೆಯದಾಗಿ, ಆರ್‌ಟಿಓ ಕಚೇರಿಯಲ್ಲಿ ಆರ್‌ಸಿಯ ಇಂಧನದ ಕಲಮಿನಲ್ಲಿ ಅದನ್ನು ಬರೆಯಿಸಿರಿ. ಮೂರನೆಯದಾಗಿ, ಆರ್‌ಸಿಯ ನಕಲಿನೊಡನೆ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಪಾಲಿಸಿಯಲ್ಲಿ ನಮೂದಾದ ಕಾಗದವನ್ನು ಕೇಳಿ ಪಡೆಯಿರಿ. ಏಜೆಂಟರಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದನ್ನೂ ಮರೆಯಬಾರದು. ಹಳೆಯ ಗಾಡಿ ಕೊಳ್ಳುವವರು ಹಣ ಕೊಡುವ ಮುನ್ನವೇ ಡಿಕ್ಕಿಯನ್ನೂ ಆರ್‌ಸಿಯನ್ನೂ ತಾಳೆ ನೋಡಲಿ.

ಇನ್ನು ಕೆಲವು ಬದಲಾವಣೆಗಳಿವೆ. ಅವನ್ನು ತಿಳಿಸಿದರೂ ನಡೆಯದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಮೊಕದ್ದಮೆಯೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಇಂಥ ಪ್ರತಿಯೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಅಥವಾ ಎರಡನ್ನೂ ವಿಧಿಸಿದೆ. ಇಂಧನ ಬದಲಿಸುವ ಕಿಟ್ಟಿಗೆ ಮಾತ್ರ ಕಾಯಿದೆಯೇ ಷರತ್ತಿನ ಮೇಲೆ ದಾರಿ ಬಿಟ್ಟಿದೆ.

ಎಲ್ಲವನ್ನೂ ಸರಿಯಾಗಿ ಮಾಡಿಯೂ ಪರಿಹಾರ ಸಿಗದಿದ್ದರೆ ಎದೆಗುಂದಬೇಡಿರಿ. ಮೊದಲು ಕಂಪನಿಗೆ ಲಿಖಿತ ದೂರು ಕೊಡಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಲೋಕಪಾಲರಿಗೆ ಬರೆಯಬಹುದು. ಅವರ ಕಚೇರಿ ಪುಣೆಯಲ್ಲಿಯೇ ಇದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಅಲ್ಲಿಯೂ ಕೇಳುವುದು ಕಾಗದಪತ್ರಗಳನ್ನೇ.

ಆದುದರಿಂದ ಇಂದು ಮನೆಗೆ ಹೋದೊಡನೆ ಆರ್‌ಸಿಯನ್ನೂ ಪಾಲಿಸಿಯನ್ನೂ ಒಟ್ಟಿಗೆ ಇಟ್ಟು ಓದಿರಿ. ಇಂಗ್ಲಿಷು ತಿಳಿಯದಿದ್ದರೆ ಸಂಕೋಚ ಬೇಡ; ಇಲ್ಲಿಗೆ ತನ್ನಿರಿ, ಕೂಡಿ ಓದೋಣ. ವಾಚನಾಲಯ ಇರುವುದೇ ಅದಕ್ಕಾಗಿ.