ಉದ್ದನೆಯ ಜರ್ಮನ್ ಪದವನ್ನು ಎಲ್ಲಿ ಮುರಿಯಬೇಕು?

‘ಡೋನೌಡಾಂಪ್ಫ್‌ಶಿಫ್‌ಫಾರ್ಟ್ಸ್‌ಗೆಜೆಲ್‌ಶಾಫ್ಟ್’ ಎಂಬ ಪದವನ್ನು ಕೇಳಿದ್ದೀರಾ? ಹೌದು, ಇದು ಒಂದೇ ಪದ. ಡ್ಯಾನ್ಯೂಬ್ ನದಿಯ ಹಬೆಹಡಗು ಸಂಚಾರದ ಕಂಪನಿ ಎಂದರ್ಥ. ಅಂಥದೊಂದು ಕಂಪನಿ 1829ರಲ್ಲಿ ವಿಯೆನ್ನಾದಲ್ಲಿ ಹುಟ್ಟಿತು. ಅಚ್ಚಿನ ಸಾಲಿನ ಕೊನೆಗೆ ಇಂಥ ಪದ ಬಂದರೆ ಮುರಿಯದೆ ವಿಧಿಯಿಲ್ಲ.

ಮೊದಲು ಅದರಲ್ಲಿ ಕೂಡಿಕೊಂಡಿರುವ ಪದಗಳನ್ನು ಬಿಡಿಸಬೇಕು. ನಡುವೆ ಬರುವ ‘ಸ್’ ಬರೀ ಬೆಸುಗೆ. ಅದು ಹಿಂದಿನ ಪದದ ಜೊತೆಗೇ ಉಳಿಯುತ್ತದೆ. ಆಮೇಲೆ ಒಂದೊಂದು ಪದದೊಳಗಿನ ಉಚ್ಚಾರಾಂಶಗಳು. ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರಕ್ಕೆ. ಹಲವು ಇದ್ದರೆ ಕೊನೆಯದು ಮಾತ್ರ ಮುಂದಕ್ಕೆ. ಹೀಗೆ ಡೋ-ನೌ-ಡಾಂಪ್ಫ್-ಶಿಫ್-ಫಾರ್ಟ್ಸ್-ಗೆ-ಜೆಲ್-ಶಾಫ್ಟ್, ಒಟ್ಟು ಎಂಟು ತುಂಡು.

ಈ ಕ್ರಮ ತಪ್ಪಿದರೆ ಏನಾಗುತ್ತದೆಂದು ನಾನು ಪೆಟ್ಟು ತಿಂದು ಕಲಿತೆ. ನಿಜ ಹೇಳಬೇಕೆಂದರೆ, ಪೆಟ್ಟು ತಿಂದವರು ಬೇರೆಯವರು. ಜರ್ಮನಿಯ ಅಣೆಕಟ್ಟುಗಳ ಚಿತ್ರವೊಂದಕ್ಕೆ ಕನ್ನಡ ವಿವರಣೆ ಸಿದ್ಧಪಡಿಸುತ್ತಿದ್ದೆವು. ಅದರಲ್ಲಿ ‘ಶ್ಟೌಬೆಕನ್’ ಎಂಬ ಪದ ಬಂತು. ಬಿ.ಎಸ್ಸಿ. ಓದುವಾಗ ಸಂಜೆ ತರಗತಿಯಲ್ಲಿ ಅಷ್ಟಿಷ್ಟು ಜರ್ಮನ್ ಕಲಿತ ಧೈರ್ಯ ನನಗೆ. ನಿರೂಪಕಿಯ ಪ್ರತಿಯಲ್ಲಿ ಪೆನ್ಸಿಲ್ಲಿನಿಂದ ‘ಶ್ಟೌಬ್-ಎಕನ್’ ಎಂದು ಒಡೆದೆ. ಜರ್ಮನ್ನಿನಲ್ಲಿ ಪದದ ತುದಿಯ ‘ಬ್’ ‘ಪ್’ ಆಗುತ್ತದೆಂಬುದೂ ನೆನಪಾಗಿ, ‘ಶ್ಟೌಪ್-ಎಕನ್’ ಎಂದು ತಿದ್ದಿದೆ! ಆಕೆ ಹಾಗೆಯೇ ಓದಿದರು.

ಅಲ್ಲಿದ್ದದ್ದು ‘ಶ್ಟೌ’ ಮತ್ತು ‘ಬೆಕನ್’: ನೀರಿನ ತಡೆ ಮತ್ತು ತೊಟ್ಟಿ, ಅಂದರೆ ಜಲಾಶಯ. ನಾನು ಒಡೆದಂತೆ ಅದು ‘ಧೂಳಿನ ಮೂಲೆಗಳು’. ಅಕ್ಷರಗಳು ಎರಡರಲ್ಲೂ ಅವೇ, ಅದೇ ಸಾಲಿನಲ್ಲಿ. ಕಂಪ್ಯೂಟರ್ ಕೂಡ ಇಲ್ಲಿ ಎಡವೀತು. ಎಲ್ಲಿ ಮುರಿಯಬೇಕೆಂದು ಹೇಳುವುದು ಅರ್ಥ ಮಾತ್ರ.

ಜರ್ಮನರಿಗೂ ಇದು ಸುಲಭವೇನಲ್ಲ. ಹಡಗು ಸಂಚಾರದ ‘ಶಿಫ್‌ಫಾರ್ಟ್’ ಪದದಲ್ಲಿ ಮೂರು ‘ಎಫ್’ ಕೂಡುತ್ತವೆ. ಹಿಂದೆ ಎರಡನ್ನೇ ಬರೆಯುತ್ತಿದ್ದರು. ಪದವನ್ನು ಸಾಲಿನ ಕೊನೆಯಲ್ಲಿ ಮುರಿದಾಗ ಮಾತ್ರ ಮೂರನೆಯದು ಮರಳಿ ಬರುತ್ತಿತ್ತು! 1998ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಕಾಗುಣಿತ ಸುಧಾರಣೆಯ ನಂತರ ಮೂರೂ ಸದಾ ಇರುತ್ತವೆ.

ಚಿತ್ರ ಪ್ರಸಾರವಾದ ಮರುದಿನದ ಸಭೆಯಲ್ಲಿ ನಿರೂಪಕಿಗೆ ಉಚ್ಚಾರದ ತರಬೇತಿ ಬೇಕೆಂಬ ಮಾತು ಬಂತು. ಆಕೆ ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಪೆನ್ಸಿಲ್ ಗುರುತು ನನ್ನದೆಂದು ಒಪ್ಪಿಕೊಂಡದ್ದು ಒಂದು ವಾರದ ಮೇಲೆ. ಈಗಲೂ ಪರಭಾಷೆಯ ಹೆಸರು ಬಂದಾಗಲೆಲ್ಲ ಆಕೆ ಪ್ರತಿಯನ್ನು ನನ್ನ ಮುಂದಿಟ್ಟು ಕೇಳುತ್ತಾರೆ: “ಸಾರ್, ಇದು ನೀರೋ, ಧೂಳೋ?”