ಕಂತಿನ ಹಣವೂ ಕಣದ ಜೋಳವೂ
(ಲಿಂಗಸುಗೂರು ತಾಲ್ಲೂಕಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)

ರೈತ ಬಾಂಧವರೇ, ತಾಯಂದಿರೇ,

2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ಯೋಜನೆಯಿಂದ ಕಂತಿಗೆ 2,000 ರೂಪಾಯಿಯಂತೆ ವರ್ಷಕ್ಕೆ ಮೂರು ಕಂತು ನಮ್ಮ ಖಾತೆಗೆ ಬರುವುದು ತಮಗೆಲ್ಲ ತಿಳಿದ ವಿಷಯವೇ. ಬೀಜ-ಗೊಬ್ಬರಕ್ಕೆ ಅದೊಂದು ಆಸರೆ. ಆದರೆ ಈ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಅದೇ ಹೊಲದಲ್ಲಿ ಕಳೆ ತೆಗೆದು, ಜೋಳ ಕೊಯ್ದ ಕೂಲಿಯವರಿಗೆ ಅದರಲ್ಲಿ ಪಾಲಿಲ್ಲ. ಹೊಲವನ್ನು ಲಾವಣಿಗೆ ಮಾಡಿದವರಿಗೂ ಇಲ್ಲ.

ಹಿಂದೆ ಹಿಂಗಾರಿ ಜೋಳದ ರಾಶಿಗೆ ಬಂದವರು ಕಣದಿಂದ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಹೊಲದಲ್ಲಿ ಉಳಿದ ತೆನೆಯನ್ನು ಬಡವರು ಹಕ್ಕಲಾಯುತ್ತಿದ್ದರು. ಈಗ ಯಂತ್ರ ಬಂದು ರಾಶಿ ಬೇಗ ಮುಗಿಯುತ್ತದೆ. ಕಣವೇ ಇಲ್ಲದ ಮೇಲೆ ಕೇಳುವವರು ಎಲ್ಲಿಗೆ ಬಂದಾರು?

ಆದ್ದರಿಂದ ಎರಡು ಮಾತು. ಮೊದಲನೆಯದು, ಚೀಲ ಹೊಲಿಯುವ ಮುನ್ನ ನಿಮ್ಮ ಹೊಲದಲ್ಲಿ ದುಡಿದ ಬಡ ಮನೆಗೆ ನಾಲ್ಕು ಸೇರು ಜೋಳ ತೆಗೆದಿಡಿ. ಅವರು ಕೇಳುವ ಮೊದಲೇ ಮುಟ್ಟಿಸಿ, ಕೂಲಿಯಲ್ಲಿ ಮುರಿದುಕೊಳ್ಳಬೇಡಿ. ಎರಡನೆಯದು, 65 ವರ್ಷ ದಾಟಿದ ಬಡ ಕೂಲಿಕಾರರಿಗೆ 2007ರಿಂದ ಸಂಧ್ಯಾ ಸುರಕ್ಷಾ ಮಾಸಾಶನವಿದೆ. ಓದುಬರಹ ಬಲ್ಲ ನಿಮ್ಮ ಮಕ್ಕಳನ್ನು ಅವರೊಡನೆ ನಾಡಕಚೇರಿಗೆ ಕಳಿಸಿ ಅರ್ಜಿ ಹಾಕಿಸಿ. ಅರ್ಧ ದಿನದ ಆ ಓಡಾಟವೂ ದಾನವೇ.

ಕೊಡುವವನು ಮೇಲಲ್ಲ, ಪಡೆಯುವವನು ಕೀಳಲ್ಲ ಎಂಬುದೇ ಶರಣರ ದಾಸೋಹದ ತಿರುಳು. ಈ ಸುಗ್ಗಿಯಲ್ಲಿ ಅದನ್ನು ನಡೆಸಿ ತೋರಿಸೋಣವೆಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.