ಚರಂಡಿಯ ನೀರು ಸೇರುವುದೆಲ್ಲಿಗೆ?



ಕೊಡಗಿನ ಘಟ್ಟದ ಮಗ್ಗುಲಲ್ಲಿ ಹುಟ್ಟುವ ಪಯಸ್ವಿನಿಯು ಸಂಪಾಜೆ, ಅರಂತೋಡುಗಳ ಕಡೆಯಿಂದ ಇಳಿದು, ಸುಳ್ಯ ಪೇಟೆಯ ಅಂಚಿನಲ್ಲಿ ಹರಿದು, ಕಾಸರಗೋಡಿನಲ್ಲಿ ಚಂದ್ರಗಿರಿಯೆಂಬ ಹೆಸರು ಪಡೆದು ಕಡಲು ಸೇರುತ್ತದೆ. ಪೇಟೆಯ ಕುಡಿಯುವ ನೀರಿಗೆ ಈ ಹೊಳೆಯೇ ಆಧಾರ. ಪೇಟೆಯ ಚರಂಡಿಗಳ ನೀರು ಕೊನೆಗೆ ಸೇರುವುದೂ ಇದನ್ನೇ. ಆದುದರಿಂದ ಮಳೆನೀರಿನ ಚರಂಡಿಯನ್ನು ರಸ್ತೆಯ ಅಂಗವೆಂದಷ್ಟೇ ಎಣಿಸದೆ ಹೊಳೆಯ ಅಂಗವೆಂದು ಎಣಿಸಬೇಕಾಗಿದೆ.

ಮೊದಲು ಒಂದು ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಆಟಿ ತಿಂಗಳಲ್ಲಿ ದಿನಕ್ಕೆ 100 ಮಿಲಿಮೀಟರ್ ಮಳೆ ಸುಳ್ಯದಲ್ಲಿ ಅಪರೂಪವಲ್ಲ. ಅಂಥ ದಿನ ಒಂದು ಎಕರೆಯ ಮೇಲೆ ಸುಮಾರು 4 ಲಕ್ಷ ಲೀಟರ್ ನೀರು ಸುರಿಯುತ್ತದೆ. ಆ ಎಕರೆಯು ಕಾಡಾಗಿದ್ದರೆ ಸೊಪ್ಪು, ತರಗೆಲೆ, ಬೇರುಗಳು ನೀರಿನ ಓಟವನ್ನು ತಡೆದು ನೆಲಕ್ಕಿಳಿಸಿ, ಒಸರಾಗಿ ತೋಡಿಗೆ ಬಿಡುತ್ತವೆ. ಅದೇ ನೆಲವನ್ನು ಛಾವಣಿ, ಇಂಟರ್‌ಲಾಕ್, ಡಾಂಬರುಗಳಿಂದ ಮುಚ್ಚಿದರೆ ನೀರು ಬಿದ್ದ ಕೂಡಲೇ ಚರಂಡಿಗೆ ಧಾವಿಸುತ್ತದೆ. ಮಳೆಗಾಲದಲ್ಲಿ ಹೀಗೆ ಓಡಿಸಿದ ನೀರನ್ನೇ ಏಪ್ರಿಲಿನಲ್ಲಿ ಊರವರು ಹುಡುಕುತ್ತಾರೆ.

ವೇಗವಾಗಿ ಬಂದ ನೀರು ತೋಡಿನ ದಂಡೆಯನ್ನು ಕೊರೆಯುತ್ತದೆ. ಕೆಮ್ಮಣ್ಣು, ವಾಹನಗಳ ಎಣ್ಣೆ, ಪ್ಲಾಸ್ಟಿಕ್‌ಗಳನ್ನು ಹೊತ್ತೊಯ್ಯುತ್ತದೆ. ಬೇಸಗೆಯಲ್ಲಿ ಮೀನುಗಳು ಆಶ್ರಯ ಪಡೆಯುವ ಆಳದ ಗುಂಡಿಗಳು ಹೂಳಿನಿಂದ ತುಂಬುತ್ತವೆ. ತೊಡಿಕಾನದ ಮಲ್ಲಿಕಾರ್ಜುನ ದೇವಾಲಯದ ಬಳಿಯ ಮತ್ಸ್ಯತೀರ್ಥದಲ್ಲಿ ದೇವರ ಮೀನುಗಳನ್ನು ಭಕ್ತಿಯೇ ಕಾಪಾಡಿಕೊಂಡು ಬಂದಿದೆ. ಆದರೆ ಗಾಳ, ಬಲೆಗಳನ್ನು ತಡೆಯುವ ಭಕ್ತಿಯು ಮೇಲಿನಿಂದ ಬರುವ ಹೂಳನ್ನು ತಡೆಯಲಾರದು. ಅದಕ್ಕೆ ಆಡಳಿತವೇ ಬೇಕು.

ಆಡಳಿತಕ್ಕೆ ಅಧಿಕಾರವಿಲ್ಲವೆಂಬ ಮಾತು ಸಲ್ಲದು. ಸಂವಿಧಾನದ 11ನೆಯ ಅನುಸೂಚಿಯು ಮಣ್ಣಿನ ಸಂರಕ್ಷಣೆ, ನೀರಿನ ನಿರ್ವಹಣೆ, ಜಲಾನಯನ ಅಭಿವೃದ್ಧಿಗಳನ್ನು ಪಂಚಾಯತುಗಳ ವಿಷಯಗಳಲ್ಲಿ ಎಣಿಸಿದೆ. 12ನೆಯದು ಪರಿಸರ ಸಂರಕ್ಷಣೆಯನ್ನು ಪೇಟೆಯ ಆಡಳಿತಗಳ ವಿಷಯಗಳಲ್ಲಿ ಸೇರಿಸಿದೆ. ಮಾಡಬೇಕಾದ ಕೆಲಸಗಳು ಇವು.

ಒಂದು, ಪ್ರತಿ ತೋಡನ್ನೂ ಹುಟ್ಟಿನಿಂದ ಹೊಳೆಯವರೆಗೆ ನಕ್ಷೆಯಲ್ಲಿ ಗುರುತಿಸಿ, ಮಣ್ಣು ತುಂಬಿ ಮುಚ್ಚುವುದನ್ನು ತಡೆಯುವುದು.

ಎರಡು, ಕಟ್ಟಡ ಪರವಾನಗಿ ನೀಡುವಾಗ ಛಾವಣಿಯ ನೀರಿಗೆ ಅಲ್ಲಿಯೇ ನೆಲೆ ಕೇಳುವುದು. 4,000 ಮಿಲಿಮೀಟರ್ ಮಳೆ ಬೀಳುವ ವರ್ಷ 100 ಚದರ ಮೀಟರ್ ಛಾವಣಿಯ ಮೇಲೆ 4 ಲಕ್ಷ ಲೀಟರ್ ಬೀಳುತ್ತದೆ.

ಮೂರು, ಚರಂಡಿಯು ತೋಡನ್ನು ಸೇರುವ ಮೊದಲು ಹೂಳು ನಿಲ್ಲುವ ಗುಂಡಿ ಕಟ್ಟುವುದು. ಸಮತಟ್ಟಾದ ಕಡೆ ತಳಕ್ಕೆ ಕಾಂಕ್ರೀಟ್ ಹಾಕದಿರುವುದು. ತೆಗೆದ ಹೂಳನ್ನು ಹೊಳೆದಂಡೆಯಲ್ಲಿ ರಾಶಿ ಹಾಕದಿರುವುದು.

ನಾಲ್ಕು, ಬಚ್ಚಲು, ಶೌಚಗಳ ನೀರು ಮಳೆಚರಂಡಿಗೆ ಸೇರದಂತೆ ನೋಡುವುದು.

ಐದು, ಗುಡ್ಡ ಕಡಿಯುವ ಕೆಲಸವನ್ನು ಮೇ ತಿಂಗಳೊಳಗೆ ನಿಲ್ಲಿಸಿ, ಬೋಳು ಮಣ್ಣಿಗೆ ಹುಲ್ಲು ಹಿಡಿಸುವುದು.

ಹಾಗೆಂದು ಎಲ್ಲೆಂದರಲ್ಲಿ ನೀರಿಂಗಿಸುವುದು ವಿವೇಕವಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿಯಿತು. 2022ರ ಆಗಸ್ಟ್ 1ರಂದು ಸುಬ್ರಹ್ಮಣ್ಯದಲ್ಲಿ ಗುಡ್ಡ ಕುಸಿದು ಇಬ್ಬರು ಮಕ್ಕಳು ಪ್ರಾಣ ಕಳೆದುಕೊಂಡರು. ಕಡಿದಾದ ಇಳಿಜಾರಿನ ಸಡಿಲ ಮಣ್ಣು ನೀರು ಕುಡಿದು ಭಾರವಾದಾಗ ಹಿಡಿತ ಕಳೆದುಕೊಳ್ಳುತ್ತದೆ. ಮನೆಯ ಹಿಂದಿನ ಬರೆಯ ನೆತ್ತಿಯಲ್ಲಿ ಇಂಗುಗುಂಡಿ ತೋಡಬಾರದು. ಅಲ್ಲಿ ನೀರನ್ನು ಕಣಿಯ ಮೂಲಕ ಬದಿಗೆ ಸರಿಸಿ ಇಳಿಸಬೇಕು. ಇಂಗಿಸುವುದಕ್ಕೆ ಇಳಿಜಾರು ಕಡಿಮೆಯಿರುವ ಪದವು, ಹಳೆಯ ಮದಕಗಳು ತಕ್ಕ ಸ್ಥಳಗಳು. ಮಳೆ ನಿಂತ ಮೇಲೆ ತೋಡಿಗೆ ಹಾಕುವ ಕಟ್ಟಗಳು ಆ ಕೆಲಸದ ಮುಂದುವರಿಕೆ.

ಕೃಷಿಕರ ಪಾಲೂ ಇದರಲ್ಲಿದೆ. ಅಡಿಕೆ ತೋಟದ ಉಜಿರುಕಣಿಯು ನೇರವಾಗಿ ತೋಡಿಗೆ ಬಿದ್ದರೆ ಮೇಲ್ಮಣ್ಣೂ ಹೋಗುತ್ತದೆ. ಕೊಳೆರೋಗಕ್ಕೆ ಸಿಂಪಡಿಸಿದ ಬೋರ್ಡೋ ದ್ರಾವಣದ ತಾಮ್ರವೂ ಅದರೊಂದಿಗೆ ಹೋಗುತ್ತದೆ. ಕಣಿಯ ಕೊನೆಯಲ್ಲಿ ಒಂದು ಗುಂಡಿ, ತೋಡಿನ ಬದಿಯಲ್ಲಿ ಗಿಡಗಂಟಿಗಳ ಪಟ್ಟಿ ಉಳಿಸಿದರೆ ಮಣ್ಣು ತೋಟದಲ್ಲೇ ನಿಲ್ಲುತ್ತದೆ.

ನೀರಿಗೆ ವಾರ್ಡಿನ ಗಡಿ ತಿಳಿಯದು. ಸುಳ್ಯ ನಗರ ಪಂಚಾಯತ್, ಸುತ್ತಲಿನ ಆಲೆಟ್ಟಿ, ಅಜ್ಜಾವರ, ಜಾಲ್ಸೂರು ಗ್ರಾಮ ಪಂಚಾಯತುಗಳು, 275ನೆಯ ರಾಷ್ಟ್ರೀಯ ಹೆದ್ದಾರಿಯನ್ನು ನೋಡಿಕೊಳ್ಳುವವರು ಒಂದೇ ನಕ್ಷೆಯ ಮುಂದೆ ಕುಳಿತುಕೊಳ್ಳದಿದ್ದರೆ, ಒಬ್ಬರ ಚರಂಡಿ ಇನ್ನೊಬ್ಬರ ನೆರೆಯಾಗುತ್ತದೆ. ಸುಳ್ಯದಿಂದ ಕೆಳಗೆ ಇದೇ ನೀರನ್ನು ನಂಬಿದ ಕಾಸರಗೋಡಿನ ಊರುಗಳಿವೆ.

ವಿದ್ಯಾರ್ಥಿಗಳು ಬರುವ ಮೇ ತಿಂಗಳಲ್ಲಿ ತಮ್ಮೂರಿನ ಒಂದು ತೋಡಿನ ಉದ್ದಕ್ಕೂ ನಡೆದು, ಯಾವ ಚರಂಡಿ ಎಲ್ಲಿ ಸೇರುತ್ತದೆ, ಏನನ್ನು ತರುತ್ತದೆ ಎಂದು ಬರೆದುಕೊಳ್ಳಲಿ. ಊರವರು ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಲಿ. ಮುಂದೆ ಚರಂಡಿಯ ಕಾಮಗಾರಿಯೊಂದು ಮಂಜೂರಾದಾಗ, ಉದ್ದ, ಅಗಲ, ಮೊತ್ತಗಳ ಜೊತೆಗೆ ಅದು ಯಾವ ತೋಡನ್ನು ಸೇರುತ್ತದೆಂಬ ವಿವರವನ್ನೂ ಕೇಳಿ ಪಡೆಯಲಿ.